ಪೊರೆಯುವ ಪೊರೆ

ರಾತ್ರಿ ಫೋನನ್ನು ಚಾರ್ಜಿಗೆ ಹಾಕಿ ದೀಪ ಆರಿಸಿ ಮಲಗುತ್ತೇವೆ. ಆ ಕತ್ತಲಲ್ಲಿ ಅದರ ಬ್ಯಾಟರಿಯೊಳಗೆ ಬಣ್ಣದೋಕುಳಿ ನಡೆಯುತ್ತದೆ. ತಾಮ್ರದ ತೆಳುಹಾಳೆಯ ಮೇಲೆ ಬಳಿದ ಗ್ರಾಫೈಟ್ ಮೊದಲಿಗೆ ಕಾಡಿಗೆಗಪ್ಪು. ಲಿಥಿಯಂ ಅಯಾನುಗಳು ಅದರ ಪದರಗಳ ಸಂದಿಗೆ ನುಸುಳತೊಡಗಿದ ಮೇಲೆ ಕಪ್ಪು ಕಡುನೀಲಿಗೆ ತಿರುಗುತ್ತದೆ. ಇನ್ನಷ್ಟು ತುಂಬಿದರೆ ಕೆಂಪು. ಆರು ಕಾರ್ಬನ್ ಪರಮಾಣುಗಳಿಗೆ ಒಂದು ಲಿಥಿಯಂ ಎಂಬ ಲೆಕ್ಕಕ್ಕೆ ಬಂದು, ಇನ್ನು ಜಾಗವಿಲ್ಲ ಎನ್ನುವ ಹೊತ್ತಿಗೆ ಗ್ರಾಫೈಟ್ ಬಂಗಾರದ ಬಣ್ಣ ತಾಳುತ್ತದೆ. ಬೆಳಿಗ್ಗೆ ಎದ್ದು ಫೋನ್ ಬಳಸುತ್ತ ಹೋದಂತೆ ಬಂಗಾರ ಕೆಂಪಾಗಿ, ಕೆಂಪು ನೀಲಿಯಾಗಿ, ಸಂಜೆಯ ಹೊತ್ತಿಗೆ ಮತ್ತೆ ಮಸಿ.

ಇದನ್ನು ಕಣ್ಣಾರೆ ಕಂಡವರಿದ್ದಾರೆ. ಸೆಲ್ಲಿನ ಗೋಡೆಗೆ ಗಾಜಿನ ಪುಟ್ಟ ಕಿಟಕಿ ಕೂರಿಸಿ, ಅದಕ್ಕೆ ಸೂಕ್ಷ್ಮದರ್ಶಕ ಒಡ್ಡಿ, ಚಾರ್ಜ್ ಆಗುತ್ತಿರುವಾಗಲೇ ನೋಡುತ್ತಾರೆ. ಅಂಥ ಚಿತ್ರಗಳ ಸಾಲನ್ನು ಮೊದಲ ಸಲ ನೋಡಿದ ದಿನ ನಾನು ಊಟಕ್ಕೆ ತಡವಾಗಿ ಹೋದೆ. ಒದ್ದೆ ಬಟ್ಟೆಗೆ ಅರಿಸಿನ ಹತ್ತುವಂತೆ ಬಣ್ಣ ಅಂಚಿನಿಂದ ಒಳಕ್ಕೆ ನಿಧಾನವಾಗಿ ಹರಿಯುತ್ತಿತ್ತು. ಕಣ್ಣಿಗೆ ಅಷ್ಟೇ ಸಾಕಿತ್ತು. ಆದರೆ ಈ ಹಬ್ಬ ಎಷ್ಟು ವರ್ಷ ನಡೆದೀತು, ಬ್ಯಾಟರಿ ಮೂರು ವರ್ಷಕ್ಕೆ ಸೋತೀತೋ ಹತ್ತು ವರ್ಷ ಬಾಳೀತೋ ಎಂಬುದನ್ನು ತೀರ್ಮಾನಿಸುವ ವಸ್ತು ಆ ಚಿತ್ರದಲ್ಲಿ ಕಾಣುವುದಿಲ್ಲ. ಅದಕ್ಕೆ ಬಣ್ಣವಿಲ್ಲ. ಬಂಗಾರಕ್ಕೂ ಅದನ್ನು ಸುತ್ತಿಕೊಂಡ ದ್ರವಕ್ಕೂ ನಡುವೆ ಕೆಲವೇ ಹತ್ತು ನ್ಯಾನೊಮೀಟರ್ ದಪ್ಪದ ಒಂದು ಪೊರೆಯಾಗಿ ಅದು ಕೂತಿರುತ್ತದೆ. ನಮ್ಮ ತಲೆಗೂದಲು ಅದಕ್ಕಿಂತ ಸಾವಿರಾರು ಪಟ್ಟು ದಪ್ಪ.

ಪೊರೆ ಎಂಬ ಮಾತನ್ನು ನಾನು ಬೇಕೆಂದೇ ಆರಿಸಿಕೊಂಡಿದ್ದೇನೆ. ಹಾವು ಕಳಚುವುದು ಪೊರೆ, ಮುಪ್ಪಿನಲ್ಲಿ ಕಣ್ಣಿಗೆ ಕವಿಯುವುದು ಪೊರೆ, ದೇವರನ್ನು ಬೇಡುವಾಗ ಬರುವ ಮಾತೂ ಪೊರೆ, ಅಂದರೆ ಕಾಪಾಡು. ಬ್ಯಾಟರಿಯೊಳಗಿನ ಈ ತೆಳುಹೊದಿಕೆಗೆ ಮೂರೂ ಅರ್ಥ ಸಲ್ಲುತ್ತವೆ. ಅದು ಗ್ರಾಫೈಟನ್ನು ಕಾಯುತ್ತದೆ. ಗ್ರಾಫೈಟ್ ಉಬ್ಬಿ ಕುಗ್ಗಿದಾಗ ಬಿರುಕುಬಿಟ್ಟು ಮತ್ತೆ ಹುಟ್ಟುತ್ತದೆ. ದಪ್ಪವಾಗುತ್ತ ಹೋದರೆ ಕಣ್ಣಿನ ಪೊರೆಯಂತೆಯೇ ದಾರಿ ಮುಚ್ಚುತ್ತದೆ. ವಿಜ್ಞಾನಿಗಳು ಇದನ್ನು ಎಸ್‌ಇಐ ಎಂಬ ಮೂರಕ್ಷರಗಳಲ್ಲಿ ಕರೆಯುತ್ತಾರೆ. ಕನ್ನಡದ ಎರಡಕ್ಷರದಲ್ಲಿ ಅದಕ್ಕಿಂತ ಹೆಚ್ಚು ಅಡಗಿದೆ.

ಅದು ಹುಟ್ಟುವ ಬಗೆ ಅಡುಗೆಮನೆ ಬಲ್ಲವರಿಗೆ ಹೊಸತಲ್ಲ. ಹೊಸ ಕಬ್ಬಿಣದ ದೋಸೆ ಕಾವಲಿಯನ್ನು ತಂದ ದಿನವೇ ಹಿಟ್ಟು ಹುಯ್ಯುವುದಿಲ್ಲ. ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಕಾಯಿಸಿ, ಆರಲು ಬಿಟ್ಟು, ಮತ್ತೆ ಸವರಿ ಪಳಗಿಸುತ್ತಾರೆ. ಎಣ್ಣೆಯ ಒಂದಿಷ್ಟು ಭಾಗ ಕಬ್ಬಿಣದ ಮೇಲೆ ಸುಟ್ಟು ಗಟ್ಟಿಯಾಗಿ, ಮುಂದಿನ ದೋಸೆಗಳೆಲ್ಲ ಅಂಟದಂತೆ ಕಾಯುತ್ತದೆ. ಬ್ಯಾಟರಿಯಲ್ಲೂ ಹಾಗೆಯೇ. ಒಳಗಿನ ದ್ರವ, ಅಂದರೆ ಎಲೆಕ್ಟ್ರೊಲೈಟ್, ಲಿಥಿಯಂಗೆ ಹೋಲಿಸಿದ ಅಳತೆಯಲ್ಲಿ ಸುಮಾರು 0.8 ವೋಲ್ಟಿಗೆ ಇಳಿಯುವಾಗಲೇ ಒಡೆಯತೊಡಗುತ್ತದೆ. ಚಾರ್ಜ್ ಆದ ಗ್ರಾಫೈಟ್ 0.1 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಲೆಕ್ಕದ ಪ್ರಕಾರ ದ್ರವವೆಲ್ಲ ಒಡೆದು ಮುಗಿಯಬೇಕು. ಮುಗಿಯುವುದಿಲ್ಲ, ಏಕೆಂದರೆ ಮೊದಲು ಒಡೆದ ಚೂರುಗಳೇ ಗ್ರಾಫೈಟಿನ ಮೇಲೆ ಕೂತು ಉಳಿದುದನ್ನು ತಡೆದು ನಿಲ್ಲಿಸುತ್ತವೆ. ಕಾರ್ಖಾನೆಗಳಲ್ಲಿ ಹೊಸ ಸೆಲ್ಲುಗಳನ್ನು ಮಾರುವ ಮೊದಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಮೆಲ್ಲನೆ ಚಾರ್ಜ್ ಮಾಡುವುದು ಇದೇ ಪಳಗಿಸುವಿಕೆ. ಅವರ ಮಾತಿನಲ್ಲಿ ಫಾರ್ಮೇಷನ್. ಸೆಲ್ಲಿನೊಳಗಿನ ಲಿಥಿಯಂನಲ್ಲಿ ಹತ್ತರಲ್ಲೊಂದು ಪಾಲಿನ ಆಸುಪಾಸು ಆ ಒಂದು ಸಲಕ್ಕೇ ಪೊರೆಗೆ ತೆತ್ತುಹೋಗುತ್ತದೆ.

ಯಾವ ಎಣ್ಣೆ ಎಂಬುದೂ ಮುಖ್ಯ. ಪ್ರೊಪಿಲೀನ್ ಕಾರ್ಬೊನೇಟ್ ಎಂಬ ದ್ರವದಲ್ಲಿ ಗ್ರಾಫೈಟ್ ಇಟ್ಟರೆ, ಲಿಥಿಯಂ ಜೊತೆ ದ್ರವವೂ ಪದರಗಳೊಳಗೆ ನುಗ್ಗಿ, ಗ್ರಾಫೈಟ್ ಸಿಪ್ಪೆ ಸುಲಿದಂತೆ ಕಳಚಿ ಹಾಳಾಗುತ್ತದೆ. ಅದರ ತಮ್ಮನಂತಿರುವ ಎಥಿಲೀನ್ ಕಾರ್ಬೊನೇಟಿನಲ್ಲಿ ಇಟ್ಟರೆ ಅಚ್ಚುಕಟ್ಟಾದ ಪೊರೆ ಕಟ್ಟುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಒಂದು ಕಾರ್ಬನ್, ಎರಡು ಹೈಡ್ರೊಜನ್. ಈ ಸಂಗತಿ 1990ರಲ್ಲಿ ಕೆನಡಾದಲ್ಲಿ ಜೆಫ್ ಡಾನ್ ಮತ್ತು ಸಂಗಡಿಗರ ಕೈಗೆ ಹತ್ತಿತು. ಅದಕ್ಕೂ ಮೊದಲು, 1979ರಲ್ಲಿ, ಟೆಲ್ ಅವೀವಿನ ಇಮ್ಯಾನುಯೆಲ್ ಪೆಲೆಡ್ ಈ ಹೊದಿಕೆಗೆ ಹೆಸರಿಟ್ಟಿದ್ದರು. ಅದು ಅಯಾನುಗಳನ್ನು ಬಿಟ್ಟು ಎಲೆಕ್ಟ್ರಾನುಗಳನ್ನು ತಡೆಯುತ್ತದೆ, ಆದ್ದರಿಂದ ಅದೇ ಒಂದು ಘನ ಎಲೆಕ್ಟ್ರೊಲೈಟ್ ಎಂಬುದು ಅವರ ಕಾಣ್ಕೆ. ಎರಡು ಗದ್ದೆಗಳ ನಡುವೆ ನಕ್ಷೆಯಲ್ಲಿ ಬರಿಯ ಗೆರೆ ಇರುತ್ತದೆ. ನೆಲದ ಮೇಲೆ ಇರುವುದು ಬದು. ಬದುವಿಗೆ ಅಗಲವುಂಟು, ಅದರದೇ ಹುಲ್ಲುಂಟು, ಏಡಿಯ ಬಿಲಗಳುಂಟು. ಪೆಲೆಡ್ ಗೆರೆಯನ್ನು ಬದುವಾಗಿ ಕಂಡರು.

ಹಾಗಿದ್ದರೆ ಬ್ಯಾಟರಿ ಬಿಚ್ಚಿ ಆ ಬದುವನ್ನು ನೋಡಿಬಿಡಬಹುದಲ್ಲ? ಬಿಚ್ಚುತ್ತಾರೆ. ಆರ್ಗಾನ್ ಅನಿಲ ತುಂಬಿದ ಗಾಜಿನ ಪೆಟ್ಟಿಗೆಯಲ್ಲಿ ಕೈಗವಸು ತೊಟ್ಟು ಸೆಲ್ಲನ್ನು ಕತ್ತರಿಸಿ, ಎಲೆಕ್ಟ್ರೋಡನ್ನು ತೊಳೆದು ಒಣಗಿಸಿ, ನಿರ್ವಾತದಲ್ಲಿಟ್ಟು ಅದರ ಮೇಲೆ ಎಕ್ಸ್-ಕಿರಣ ಹಾಯಿಸುತ್ತಾರೆ. ಈ ಕಸುಬಿನವರೇ ಅದಕ್ಕೆ ಇಟ್ಟ ಹೆಸರು ಪೋಸ್ಟ್‌ಮಾರ್ಟಂ. ತೊಳೆದಾಗ ಕರಗುವ ಲವಣಗಳು ಹೋಗುತ್ತವೆ. ನಿರ್ವಾತದಲ್ಲಿ ಆವಿಯಾಗುವಂಥವು ಹೋಗುತ್ತವೆ. ಗಾಳಿಯ ತೇವ ತುಸು ತಾಕಿದರೂ ಇದ್ದುದು ಇನ್ನೊಂದಾಗುತ್ತದೆ. ಕೊನೆಗೆ ಸಿಗುವುದು ಪೊರೆಯ ಎಲುಬು. ಅದರಿಂದ ಬಹಳ ತಿಳಿದಿದೆ. ಲಿಥಿಯಂ ಫ್ಲೋರೈಡ್, ಲಿಥಿಯಂ ಕಾರ್ಬೊನೇಟ್, ಆಕ್ಸೈಡ್, ಸಾವಯವ ಲವಣಗಳು ಎಂದು ಪಟ್ಟಿ ಮಾಡಲು ಸಾಧ್ಯವಾದದ್ದು ಹಾಗೆಯೇ. ಆದರೂ ನನ್ನ ಮನಸ್ಸು ಒಲಿದಿರುವುದು ಬಿಚ್ಚದೆ ತಿಳಿಯುವವರ ಕಡೆಗೆ. ನಾಚಿಕೆಯ ಈ ವಸ್ತುವನ್ನು ಮುಟ್ಟಿಯೂ ಮುಟ್ಟದಂತೆ ಅರಿಯಲು ಅವರು ಹುಡುಕಿಕೊಂಡ ದಾರಿಗಳಲ್ಲಿ ಸಂಗೀತದ ಮನೋಧರ್ಮವಿದೆ ಎಂದು ನನಗೆ ಹಲವು ಸಲ ಅನ್ನಿಸಿದೆ.

ಮೊದಲು ಚಿತ್ರದ ಮಾತು ಹೇಳಿಬಿಡುತ್ತೇನೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕಿರಣ ತಾಗಿದರೆ ಲಿಥಿಯಂ ಲೋಹ ತೂತುಬಿದ್ದು ಕರಗುತ್ತದೆ. ನೋಡುವುದೇ ಕೊಲ್ಲುವುದು ಎಂಬ ಸ್ಥಿತಿ. 2017ರಲ್ಲಿ ಸ್ಟ್ಯಾನ್‌ಫರ್ಡಿನ ಯಿ ಕುಯಿ ಮತ್ತು ಬಳಗದವರು ಜೀವವಿಜ್ಞಾನಿಗಳ ಉಪಾಯವನ್ನು ಕಡ ತಂದರು. ಪ್ರೋಟೀನು, ವೈರಸ್ಸುಗಳನ್ನು ಹೆಪ್ಪುಗಟ್ಟಿಸಿ ನೋಡುವ ಆ ವಿಧಾನಕ್ಕೆ ಅದೇ ವರ್ಷ ರಸಾಯನಶಾಸ್ತ್ರದ ನೊಬೆಲ್ ಕೂಡ ಸಂದಿತ್ತು. ಲಿಥಿಯಂ ಬೆಳೆದ ಎಲೆಕ್ಟ್ರೋಡನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕಕ್ಕೆ ಇಳಿಸಿ, ಆ ಚಳಿಯಲ್ಲೇ ನೋಡಿದರು. ಪೊರೆ ಪರಮಾಣುಗಳ ಸಾಲಿನ ಸಮೇತ ಕಂಡಿತು. ಸಾಮಾನ್ಯ ದ್ರವದಲ್ಲಿ ಹುಟ್ಟಿದ ಪೊರೆ ಮೊಸಾಯಿಕ್ ನೆಲದಂತೆ. ಆಕಾರವಿಲ್ಲದ ಗಾರೆಯ ನಡುವೆ ಹರಳಿನ ಚೂರುಗಳು ಅಲ್ಲಲ್ಲಿ ಹುದುಗಿದ್ದವು. ದ್ರವಕ್ಕೆ ಫ್ಲೋರಿನ್ ಇರುವ ಇನ್ನೊಂದು ಕಾರ್ಬೊನೇಟನ್ನು ತುಸು ಬೆರೆಸಿದಾಗ ಅದೇ ಪೊರೆ ಪದರ ಪದರವಾಗಿ, ಚಿರೋಟಿಯಂತೆ ಕಟ್ಟಿಕೊಂಡಿತ್ತು.

ಇದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಐದು ವರ್ಷಗಳ ಮೇಲೆ ಅದೇ ಬಳಗ ತಮ್ಮದೇ ಚಿತ್ರವನ್ನು ತಿದ್ದಿಕೊಂಡದ್ದು. ಮೊದಲ ಚಿತ್ರಗಳು ತೊಳೆದು ಒಣಗಿಸಿದ ಪೊರೆಯವು. 2022ರಲ್ಲಿ ಅವರು ದ್ರವದ ತೆಳು ಪದರವನ್ನೂ ಜೊತೆಗೇ ಗಾಜಿನಂತೆ ಹೆಪ್ಪುಗಟ್ಟಿಸಿ ನೋಡಿದರು. ದ್ರವದಲ್ಲಿ ಮುಳುಗಿರುವ ಪೊರೆ ನೆನೆದ ಅವಲಕ್ಕಿಯಂತೆ ಉಬ್ಬಿತ್ತು. ಹೆಚ್ಚು ಉಬ್ಬುವ ಪೊರೆಯ ಬ್ಯಾಟರಿ ಬೇಗ ಸೋಲುತ್ತದೆ ಎಂಬುದೂ ಗೊತ್ತಾಯಿತು. ಅಷ್ಟು ಕಾಲ ಎಲ್ಲರೂ ದಪ್ಪ ಇಷ್ಟು ಎಂದು ಬರೆದಿಟ್ಟುಕೊಂಡದ್ದು ಒಣ ಅವಲಕ್ಕಿಯ ಅಳತೆ. ಆದರೆ ಹೆಪ್ಪುಗಟ್ಟಿದ್ದು ಎಷ್ಟೇ ಸೊಗಸಾದರೂ ಒಂದು ಕ್ಷಣ. ಅದರ ಹಿಂದು ಮುಂದು ಅಲ್ಲಿ ಇಲ್ಲ.

ನಡೆಯುತ್ತಿರುವಾಗಲೇ ತಿಳಿಯಬೇಕೆಂದರೆ ಉಸಿರು ಕೇಳಬಹುದು. ಮೊದಲ ಚಾರ್ಜಿನಲ್ಲಿ ಪೊರೆ ಕಟ್ಟುವಾಗ ಎಥಿಲೀನ್ ಕಾರ್ಬೊನೇಟ್ ಒಡೆದು ಎಥಿಲೀನ್ ಅನಿಲ ಹೊರಬರುತ್ತದೆ. ಸೆಲ್ಲಿನ ನೆತ್ತಿಗೆ ಕೂದಲಿನಷ್ಟು ಸಣ್ಣ ದಾರಿ ಮಾಡಿ, ಆ ಉಸಿರನ್ನು ಗುಟುಕು ಗುಟುಕಾಗಿ ದ್ರವ್ಯರಾಶಿ ಅಳೆಯುವ ಯಂತ್ರಕ್ಕೆ ಕಳಿಸುತ್ತಾರೆ. ಎಥಿಲೀನ್ ಏಳುತ್ತದೆ, ಏರುತ್ತದೆ, ಪೊರೆ ಮುಚ್ಚಿಕೊಂಡಂತೆ ಇಳಿದು ನಿಲ್ಲುತ್ತದೆ. ಆ ಏರಿಳಿತದ ರೇಖೆಯೇ ಪೊರೆಯ ಹುಟ್ಟಿನ ಜಾತಕ. ಎಥಿಲೀನ್ ನಮಗೆ ಅಪರಿಚಿತವೇನಲ್ಲ. ಬಾಳೆಗೊನೆ ಹಣ್ಣಾಗುವಾಗ ಬಿಡುವ ಉಸಿರು ಅದೇ. ಒಂದು ಹಣ್ಣು ಬಿಟ್ಟ ಎಥಿಲೀನಿನಿಂದ ಪಕ್ಕದ ಕಾಯಿಯೂ ಮಾಗುತ್ತದೆಂದೇ ಅಜ್ಜಿಯರು ಮುಚ್ಚಿದ ಡಬ್ಬದಲ್ಲಿ ಒಂದು ಮಾಗಿದ ಹಣ್ಣನ್ನು ಕಾಯಿಗಳ ನಡುವೆ ಇಡುತ್ತಿದ್ದರು. ಬ್ಯಾಟರಿ ಪಳಗುವಾಗಲೂ ಬಾಳೆ ಮಾಗುವಾಗಲೂ ಹೊರಡುವುದು ಒಂದೇ ಅನಿಲ ಎಂಬುದಕ್ಕೆ ಯಾವ ಆಳವಾದ ಕಾರಣವೂ ಇಲ್ಲ. ಆದರೂ ಅದು ನನಗೆ ಇಷ್ಟ.

ತೂಗಿಯೂ ನೋಡಬಹುದು. ಸ್ಫಟಿಕಶಿಲೆಯ ತೆಳು ಬಿಲ್ಲೆಗೆ ವಿದ್ಯುತ್ ಕೊಟ್ಟರೆ ಅದು ತನ್ನದೇ ಸ್ಥಾಯಿಯಲ್ಲಿ, ಸೆಕೆಂಡಿಗೆ ಐವತ್ತು ಲಕ್ಷ ಸಲ, ನಡುಗುತ್ತದೆ. ಅದರ ಮೈಮೇಲೆ ಏನಾದರೂ ಕೂತರೆ ನಡುಕ ತುಸು ಇಳಿಯುತ್ತದೆ. 1959ರಲ್ಲಿ ಗುಂಟರ್ ಸೌರ್‌ಬ್ರೇ ಈ ಇಳಿತಕ್ಕೂ ತೂಕಕ್ಕೂ ಇರುವ ಸಂಬಂಧ ಬರೆದುಕೊಟ್ಟರು. ಐವತ್ತು ಲಕ್ಷದಲ್ಲಿ ಒಂದೇ ಒಂದು ಕಂಪನ ಕಡಿಮೆಯಾದರೆ, ಚದರ ಸೆಂಟಿಮೀಟರಿನ ಮೇಲೆ ಸುಮಾರು 17.7 ನ್ಯಾನೊಗ್ರಾಂ ಕೂತಿದೆ ಎಂದು ಲೆಕ್ಕ. ಆ ಬಿಲ್ಲೆಯನ್ನೇ ಎಲೆಕ್ಟ್ರೋಡ್ ಮಾಡಿ ದ್ರವದಲ್ಲಿ ಇಳಿಬಿಟ್ಟರೆ, ಪೊರೆ ಕೂರುವುದನ್ನು ತಕ್ಕಡಿಯ ಮೇಲೆ ನೋಡಿದಂತೆ ನೋಡಬಹುದು. ಮಾಗದ, ಮೆದುವಾದ ಪೊರೆ ಬಿಲ್ಲೆಯ ಜೊತೆ ಪೂರ್ತಿ ನಡುಗದೆ ಜೋಲಾಡುತ್ತದೆ. ಆ ಜೋಲಾಟವನ್ನೂ ಅಳೆದರೆ ಪೊರೆ ಗಟ್ಟಿಯೋ ಲೋಳೆಯೋ ಎಂಬುದೂ ತಿಳಿಯುತ್ತದೆ.

ಡಾನ್ ಹೆಸರು ಮೇಲೆ ಬಂತು. ಅವರು ಮುಂದೆ ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ಕೂತು ಮಾಡಿದ್ದು ನೋಡುವುದೂ ಅಲ್ಲ, ಕೇಳುವುದೂ ಅಲ್ಲ, ಎಣಿಸುವುದು. ಒಳಗೆ ಹೋದ ವಿದ್ಯುತ್ತಿನಲ್ಲಿ ಎಷ್ಟು ಮರಳಿ ಬಂತು? ಮರಳದೆ ಉಳಿದದ್ದರಲ್ಲಿ ಬಹುಪಾಲು ಪೊರೆಯ ಪಾಲು. ಕಣಜಕ್ಕೆ ಸಾವಿರ ಕೊಳಗ ತುಂಬಿ 999 ಕೊಳಗ ತೆಗೆದರೆ ಯಾರೂ ಕೇಳುವುದಿಲ್ಲ. ಆದರೆ ಪ್ರತಿ ಸಲ ಸಾವಿರಕ್ಕೊಂದು ಹೋಗುವ ಬ್ಯಾಟರಿಯನ್ನು ಸಾವಿರ ಸಲ ಚಾರ್ಜ್ ಮಾಡಿದರೆ ಉಳಿಯುವುದು ನೂರಕ್ಕೆ 37 ಪಾಲು ಮಾತ್ರ. ಹತ್ತು ಸಾವಿರಕ್ಕೊಂದು ಹೋಗುವ ಬ್ಯಾಟರಿಯಲ್ಲಿ 90 ಉಳಿಯುತ್ತದೆ. ಇವೆರಡನ್ನು ಬೇರ್ಪಡಿಸಬೇಕಾದರೆ ಎಣಿಕೆ ಹತ್ತು ಸಾವಿರದಲ್ಲೊಂದರಷ್ಟೂ ತಪ್ಪಬಾರದು. ಅದಕ್ಕಾಗಿ ಡಾನ್ ಬಳಗ ವಿದ್ಯುತ್ತಿನ ಮೂಲವನ್ನು, ಗಡಿಯಾರವನ್ನು, ಸೆಲ್ ಇಟ್ಟ ಪೆಟ್ಟಿಗೆಯ ಕಾವನ್ನು ಕದಲದಂತೆ ಕಟ್ಟಿಹಾಕಿತು. ಹತ್ತು ವರ್ಷ ಕಾಯದೆ, ಕೆಲವೇ ವಾರಗಳ ಎಣಿಕೆಯಿಂದ ಯಾವ ಪೊರೆ ದೀರ್ಘಾಯು ಎಂದು ಹೇಳಲು ಸಾಧ್ಯವಾದದ್ದು ಹೀಗೆ. ಇದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ದಶಮಾಂಶದ ಬಿಂದುವಿನ ಆಚೆ ನಾಲ್ಕು ಒಂಬತ್ತುಗಳು ಸಾಲಾಗಿ ನಿಂತಿರುತ್ತವೆ, ಅಷ್ಟೆ. ಅದರ ಚೆಲುವು ಹತ್ತಲು ನನಗೆ ಸಮಯ ಹಿಡಿಯಿತು. ಹತ್ತಿದ ಮೇಲೆ ಬಿಟ್ಟಿಲ್ಲ.

ಬೆಂಗಳೂರಿನವರು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಎಳೆಯೊಂದು ಈ ಕಥೆಯಲ್ಲಿದೆ. 1928ರಲ್ಲಿ ಕೋಲ್ಕತ್ತಾದಲ್ಲಿ ಬೆಳಕಿನ ಚದರಿಕೆಯಲ್ಲಿ ಹೊಸ ಪರಿಣಾಮವನ್ನು ಕಂಡ ಸಿ.ವಿ. ರಾಮನ್, 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಬದುಕಿನ ಉಳಿದ ಕಾಲವನ್ನು ಈ ಊರಿನಲ್ಲೇ ಕಳೆದರು. ಅಣುವೊಂದರ ಮೇಲೆ ಬಿದ್ದ ಬೆಳಕು ಆ ಅಣುವಿನ ನಡುಕವನ್ನು ತುಸು ಹೊತ್ತು ತರುತ್ತದೆ, ಆದ್ದರಿಂದ ಮರಳಿದ ಬೆಳಕಿನ ಬಣ್ಣದಿಂದ ಅಣು ಯಾವುದೆಂದು ಗುರುತಿಸಬಹುದು. ತೊಂದರೆಯೆಂದರೆ ಅಂಥ ಬೆಳಕು ಬಲು ಅಪರೂಪ. ತೆಳು ಪೊರೆಯಿಂದ ಬರುವುದು ಇಲ್ಲವೆನ್ನುವಷ್ಟು. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಫ್ಲೈಷ್‌ಮನ್, ಹೆಂಡ್ರಾ, ಮೆಕ್‌ಕ್ವಿಲನ್ ಎಂಬ ಮೂವರು ಬೆಳ್ಳಿಯ ಎಲೆಕ್ಟ್ರೋಡೊಂದರ ಮೈಯನ್ನು ವಿದ್ಯುತ್ತಿನಿಂದ ಮತ್ತೆ ಮತ್ತೆ ಕೆರೆದು ಒರಟು ಮಾಡಿದರು. ಒರಟಾದರೆ ಹೆಚ್ಚು ಅಣುಗಳು ಕೂರುತ್ತವೆ ಎಂಬುದಷ್ಟೇ ಅವರ ಆಸೆ. ಪಿರಿಡೀನ್ ಅಣುಗಳ ದನಿ ನಿರೀಕ್ಷೆ ಮೀರಿ ಕೇಳಿಸಿತು. ಅಣುಗಳ ಸಂಖ್ಯೆ ಹೆಚ್ಚಿದ್ದರಿಂದ ಮಾತ್ರ ಇಷ್ಟು ಆಗಲಾರದು, ಒರಟು ಬೆಳ್ಳಿಯೇ ಬೆಳಕನ್ನು ಲಕ್ಷಗಟ್ಟಲೆ ಹಿಗ್ಗಿಸುತ್ತಿದೆ ಎಂದು 1977ರಲ್ಲಿ ಬೇರೆ ಎರಡು ತಂಡಗಳು ತೋರಿಸಿದವು. ಅಂದರೆ ರಾಮನ್ ಪರಿಣಾಮಕ್ಕೆ ಸಿಕ್ಕ ಅತಿ ದೊಡ್ಡ ಧ್ವನಿವರ್ಧಕ ಹುಟ್ಟಿದ್ದೇ ಎಲೆಕ್ಟ್ರೋಡಿನ ಮೈಯನ್ನು ನೋಡಲು ಹೊರಟವರ ಕೈಯಲ್ಲಿ.

ಆದರೆ ಬ್ಯಾಟರಿಯ ಎಲೆಕ್ಟ್ರೋಡು ಬೆಳ್ಳಿಯದಲ್ಲವಲ್ಲ. 2010ರಲ್ಲಿ ಚೀನಾದ ಶಿಯಾಮೆನ್ನಿನ ಟಿಯನ್ ಝೋಂಗ್‌ಚುನ್ ಬಳಗ ಚಿನ್ನದ ನ್ಯಾನೊ ಹರಳುಗಳಿಗೆ ಸಿಲಿಕಾದ ತೆಳು ಅಂಗಿ ತೊಡಿಸಿ, ನೋಡಬೇಕಾದ ಮೇಲ್ಮೈಯ ಮೇಲೆ ಉದುರಿಸುವ ಉಪಾಯ ಹೂಡಿತು. ಅಂಗಿಯಿರುವುದರಿಂದ ಚಿನ್ನ ಯಾವ ಅಣುವಿನ ಜೊತೆಗೂ ಬೆರೆಯುವುದಿಲ್ಲ, ಬೆಳಕನ್ನು ಮಾತ್ರ ಹಿಗ್ಗಿಸುತ್ತದೆ. ಅದೇ ಲೇಖನದಲ್ಲಿ ಅವರು ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯ ಮೇಲೆ ಉಳಿದ ಕೀಟನಾಶಕವನ್ನೂ ಹೀಗೆಯೇ ಹಿಡಿದು ತೋರಿಸಿದ್ದರು. ರಂಗೋಲಿ ಪುಡಿಯಂತೆ ಉದುರಿಸಿದ ಆ ಚಿನ್ನದ ನಡುವಿನಿಂದ ಈಗ ಪೊರೆಯ ಅಣುಗಳು ಒಂದೊಂದಾಗಿ ಹುಟ್ಟಿ ಬದಲಾಗುವುದನ್ನು, ಚಾರ್ಜ್ ನಡೆದಿರುವಾಗಲೇ, ಓದುತ್ತಾರೆ. ರಾಮನ್ ಬೆಳಕಿನಷ್ಟೇ ನಾದದ ಪ್ರೇಮಿ. ಮೃದಂಗದ ಬಲಮುಚ್ಚಿಗೆಯ ಕರಣೆ ಹೇಗೆ ಚರ್ಮದ ಒರಟು ಸದ್ದನ್ನು ಒಂದಕ್ಕೊಂದು ಹೊಂದುವ ಸ್ವರಗಳಾಗಿಸುತ್ತದೆ ಎಂಬುದನ್ನು ಅವರು ಅಭ್ಯಾಸ ಮಾಡಿದ್ದರು. ತಟ್ಟಿ, ಬರುವ ನಾದದಿಂದ ಒಳಗಿನದನ್ನು ಅರಿಯುವುದು ಅವರಿಗೆ ಒಪ್ಪುವ ಕೆಲಸ. ನನಗೆ ಎಲ್ಲಕ್ಕಿಂತ ಪ್ರಿಯವಾದ ವಿಧಾನವೂ ತಟ್ಟಿ ಕೇಳುವುದೇ.

ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯ ಗೆಣ್ಣಿನಿಂದ ತಟ್ಟುತ್ತಾರೆ. ಜೋರಾಗಿ ತಟ್ಟಿದರೆ ಮಡಕೆಯೇ ಒಡೆದೀತು, ತೀರ ಮೆಲ್ಲಗಾದರೆ ದನಿ ಬಾರದು. ಇಂಪೀಡೆನ್ಸ್ ಅಳೆಯುವುದೂ ಹಾಗೆ. ಬ್ಯಾಟರಿಯ ಎರಡು ತುದಿಗಳಿಗೆ ಐದೋ ಹತ್ತೋ ಮಿಲಿವೋಲ್ಟಿನ ಸಣ್ಣ ಅಲೆಯನ್ನು ಕೊಟ್ಟು, ಮರಳಿ ಬರುವ ವಿದ್ಯುತ್ ಅಲೆ ಎಷ್ಟು ಕುಗ್ಗಿದೆ, ಎಷ್ಟು ಹಿಂದುಮುಂದಾಗಿದೆ ಎಂದು ಕೇಳುವುದು. ಎಲೆಕ್ಟ್ರೋಡಿನಲ್ಲಿ ವೋಲ್ಟೇಜಿಗೂ ವಿದ್ಯುತ್ತಿಗೂ ಇರುವ ನಂಟು ಬಾಗಿದ ಗೆರೆ. ಯಾವ ಬಾಗಿದ ಗೆರೆಯೂ ಪುಟ್ಟ ತುಣುಕಿನಲ್ಲಿ ನೇರವಾಗಿ ತೋರುತ್ತದೆ. ಕೋಣೆಯ ಕಾವಿನಲ್ಲಿ ಅಯಾನುಗಳ ಸಹಜ ತೊನೆದಾಟ ವೋಲ್ಟೇಜಿನ ಲೆಕ್ಕದಲ್ಲಿ ಸುಮಾರು 25 ಮಿಲಿವೋಲ್ಟ್. ಅದಕ್ಕಿಂತ ಕಡಿಮೆ ತಟ್ಟಿದರೆ ಬ್ಯಾಟರಿಗೆ ತನ್ನನ್ನು ಯಾರೋ ಪರೀಕ್ಷಿಸುತ್ತಿದ್ದಾರೆಂಬ ಸುಳಿವೂ ಹತ್ತುವುದಿಲ್ಲ. ಈ ಸಂಯಮವೇ ನನಗೆ ಮೊದಲು ಮೆಚ್ಚಿಗೆಯಾದದ್ದು.

ಆಮೇಲೆ ಅಲೆಯ ವೇಗ ಬದಲಿಸುತ್ತ ಹೋಗುತ್ತಾರೆ. ಸೆಕೆಂಡಿಗೆ ಲಕ್ಷ ಸಲದಿಂದ ತೊಡಗಿ, ಹತ್ತು ಸಾವಿರ, ಸಾವಿರ, ನೂರು, ಹತ್ತು, ಒಂದು, ಅದಕ್ಕೂ ಕೆಳಗೆ. ಬ್ಯಾಟರಿಯೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಲಯ. ದ್ರವದಲ್ಲಿ ಅಯಾನುಗಳ ಓಡಾಟ ಬಲು ಚುರುಕು, ಅತಿ ವೇಗದ ಅಲೆಗೂ ಅದು ಸ್ಪಂದಿಸುತ್ತದೆ. ಪೊರೆಯನ್ನು ದಾಟುವುದು ಅದಕ್ಕಿಂತ ನಿಧಾನ. ಪೊರೆ ದಾಟಿ ಎಲೆಕ್ಟ್ರೋಡಿನ ಹೊಸ್ತಿಲಲ್ಲಿ ದ್ರವದ ಉಡುಪು ಕಳಚಿ ಒಳಗೆ ಕಾಲಿಡುವುದು ಇನ್ನೂ ನಿಧಾನ. ಒಳಗೆ ಹೋಗಿ ಪದರಗಳ ನಡುವೆ ಆಳಕ್ಕೆ ಇಳಿಯುವುದು ಎಲ್ಲಕ್ಕಿಂತ ನಿಧಾನ. ಎಲ್ಲವೂ ಒಂದೇ ಡಬ್ಬಿಯಲ್ಲಿ, ಒಂದೇ ಹೊತ್ತಿನಲ್ಲಿ ನಡೆಯುತ್ತಿದ್ದರೂ ತಟ್ಟುವ ಲಯ ಬದಲಿಸಿದಾಗ ಒಂದೊಂದೇ ಎದ್ದು ಬಂದು ತನ್ನ ಪಾಡು ಹೇಳುತ್ತದೆ. ಮೇಳದಲ್ಲಿ ತಂಬೂರಿಯ ಶ್ರುತಿ, ಘಟದ ಪೆಟ್ಟು, ಪಿಟೀಲಿನ ಎಳೆತ ಇವನ್ನು ಕಿವಿ ಬೇರ್ಪಡಿಸುವಂತೆ.

ಈ ದನಿಗಳನ್ನು ಕಾಗದದ ಮೇಲೆ ಇಳಿಸಿದಾಗ ಬರುವ ಆಕಾರ ಎಂಥದು! ಅಲೆಗೆ ಒದಗಿದ ಅಡ್ಡಿಯನ್ನು ಅಡ್ಡಗೆರೆಯಲ್ಲೂ, ಹಿಡಿದಿಟ್ಟು ಮರಳಿಸಿದ ಭಾಗವನ್ನು ನಿಲುಗೆರೆಯಲ್ಲೂ ಗುರುತಿಸುತ್ತ ಹೋದರೆ ಚುಕ್ಕೆಗಳು ತಾವಾಗಿಯೇ ಅರ್ಧವರ್ತುಲವಾಗಿ ಸಾಲುಗಟ್ಟುತ್ತವೆ. ಪೊರೆ ಎರಡು ಬದಿಯ ಚಾರ್ಜುಗಳನ್ನು ಬೇರೆಯಾಗಿ ಹಿಡಿದಿಡುವ ಧಾರಕವೂ ಹೌದು, ಅಯಾನುಗಳು ತೆವಳಿ ದಾಟಬೇಕಾದ ರೋಧವೂ ಹೌದು. ಅತಿ ವೇಗದ ಅಲೆ ಧಾರಕವನ್ನು ತುಂಬಿಸಿ ಬರಿದು ಮಾಡುತ್ತ ಸುಂಕವಿಲ್ಲದೆ ಹೋಗಿಬಿಡುತ್ತದೆ. ನಿಧಾನದ ಅಲೆ ಪೂರ್ತಿ ಸುಂಕ ಕಟ್ಟಿ ರೋಧದ ಮೂಲಕವೇ ನಡೆಯಬೇಕು. ಎರಡರ ನಡುವಿನ ಅಲೆಗಳು ತುಸು ಇತ್ತ ತುಸು ಅತ್ತ ಹಂಚಿಹೋಗುತ್ತ ಕಮಾನು ಕಟ್ಟುತ್ತವೆ. ಕಮಾನಿನ ಅಗಲವೇ ಪೊರೆಯ ರೋಧ. ಅದರ ಪಕ್ಕದಲ್ಲಿ ಇನ್ನೊಂದು, ಹೊಸ್ತಿಲು ದಾಟುವ ಕಮಾನು. ಆಮೇಲೆ ಸುಮಾರು 45 ಡಿಗ್ರಿ ಓರೆಯಾಗಿ ಮೇಲಕ್ಕೆ ಹೊರಟ ಬಾಲ. ಅದು ಒಳಗೆ ಇಳಿಯುತ್ತಿರುವ ಲಿಥಿಯಂನ ನಡಿಗೆ. ಎಮಿಲ್ ವಾರ್ಬುರ್ಗ್ 1899ರಲ್ಲೇ ಈ ಓರೆಗೆರೆಯನ್ನು ಗಣಿತದಿಂದ ಕಂಡಿದ್ದರು. ಆಗ ಲಿಥಿಯಂ ಬ್ಯಾಟರಿ ಯಾರ ಕನಸಿನಲ್ಲೂ ಇರಲಿಲ್ಲ.

ನಿಜವಾದ ಬ್ಯಾಟರಿಯಲ್ಲಿ ಕಮಾನು ಜ್ಯಾಮಿತಿ ಪುಸ್ತಕದ ಅರ್ಧವರ್ತುಲದಂತೆ ಇರುವುದಿಲ್ಲ. ತುಸು ಕುಸಿದಿರುತ್ತದೆ, ಅದರ ಕೇಂದ್ರ ಗೆರೆಯ ಕೆಳಗೆ ಮುಳುಗಿರುತ್ತದೆ. ಮೇಲ್ಮೈ ಎಲ್ಲೆಡೆ ಒಂದೇ ತೆರನಾಗಿಲ್ಲ, ಒಂದೆಡೆ ಪೊರೆ ದಪ್ಪ ಇನ್ನೊಂದೆಡೆ ತೆಳು, ಒಂದೆಡೆ ಚುರುಕು ಇನ್ನೊಂದೆಡೆ ಜಡ. ಆ ಅಸಮತೆಯೆಲ್ಲ ಕಮಾನಿನ ಕುಸಿತವಾಗಿ ಬರೆದುಕೊಂಡಿರುತ್ತದೆ. ಚಳಿಯಲ್ಲಿ ಇದೇ ಕಮಾನುಗಳು ಹಿಗ್ಗಿ ದೊಡ್ಡದಾಗುತ್ತವೆ. ಮಂಜು ಬೀಳುವ ಊರುಗಳಲ್ಲಿ ವಿದ್ಯುತ್ ಕಾರು ಚಾರ್ಜ್ ಆಗಲು ತಡಮಾಡುವುದನ್ನು ಈ ಹಿಗ್ಗಿನಲ್ಲಿ ಓದಬಹುದು. ಒಂದೇ ಸೆಲ್ಲನ್ನು ತಿಂಗಳಿಗೊಮ್ಮೆ ಅಳೆದು ಗೆರೆಗಳನ್ನು ಒಂದರ ಮೇಲೊಂದು ಇಟ್ಟರೆ, ಪೊರೆಯ ಕಮಾನು ಮರದ ಉಂಗುರಗಳಂತೆ ಅಗಲವಾಗುತ್ತ ಹೋಗುತ್ತದೆ. ಮೊದಮೊದಲು ಬೇಗ, ಆಮೇಲೆ ನಿಧಾನ. ದಪ್ಪವಾದ ಪೊರೆ ತನ್ನ ಬೆಳವಣಿಗೆಗೆ ತಾನೇ ತಡೆಯಾಗುವುದರಿಂದ ಅದು ಕಾಲದ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ.

ಈ ವಿಧಾನದ ಇನ್ನೊಂದು ಗುಣ ಅದರ ಪ್ರಾಮಾಣಿಕತೆ. ಅಡ್ಡಗೆರೆಯ ಮೇಲಿನ ಅಂಕಿಗಳೆಲ್ಲ ಗೊತ್ತಿದ್ದರೆ ನಿಲುಗೆರೆಯ ಅಂಕಿಗಳು ಏನಿರಬೇಕೆಂದು ಲೆಕ್ಕ ಹಾಕಬಹುದು. ಕ್ರಾಮರ್ಸ್, ಕ್ರೋನಿಗ್ ಎಂಬಿಬ್ಬರ ಹೆಸರಿನ ನಿಯಮ ಅದು. ಎರಡು ಸಾಕ್ಷಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ವಿಚಾರಿಸಿದಂತೆ. ಅಳೆಯುವಷ್ಟರಲ್ಲಿ ಬ್ಯಾಟರಿ ಬದಲಾಗಿದ್ದರೆ, ಅಥವಾ ತಟ್ಟಿದ್ದು ಜೋರಾಗಿದ್ದರೆ, ಎರಡು ಹೇಳಿಕೆ ಕೂಡಿಬರುವುದಿಲ್ಲ. ಆದರೆ ಹೇಳಿಕೆ ನಿಜವಾದರೂ ಅರ್ಥ ಒಂದೇ ಇರಬೇಕೆಂದಿಲ್ಲ. ಬೇರೆ ಬೇರೆ ಜೋಡಣೆಯ ರೋಧ ಧಾರಕಗಳು ಒಂದೇ ಕಮಾನನ್ನು ಕಟ್ಟಬಲ್ಲವು, ಆನೋಡಿನ ಕಮಾನೂ ಕ್ಯಾಥೋಡಿನ ಕಮಾನೂ ಒಂದರ ಮೇಲೊಂದು ಬಿದ್ದು ಬೆರೆತುಹೋಗಬಹುದು. ಆಗ ಮೈಯೆಲ್ಲ ಮುಚ್ಚಿ ತುದಿ ಮಾತ್ರ ತೆರೆದ ಕೂದಲೆಳೆಯಂಥ ಚಿನ್ನದ ತಂತಿಯೊಂದನ್ನು ಎರಡರ ನಡುವೆ ತೂರಿಸುತ್ತಾರೆ. ಅದು ಇಬ್ಬರ ನಡುವೆ ಕೂತು ಒಬ್ಬೊಬ್ಬರ ಮಾತನ್ನು ಬೇರೆಯಾಗಿ ಕೇಳಿಸಿಕೊಳ್ಳುತ್ತದೆ.

ದ್ರವವೇ ಇಲ್ಲದ ಘನ ಬ್ಯಾಟರಿಗಳಲ್ಲಿ ಈ ಕೇಳುವಿಕೆಗೆ ಇನ್ನೂ ಬೆಲೆ. ಅಲ್ಲಿ ಲಿಥಿಯಂ ಲೋಹ ಪಿಂಗಾಣಿಯಂಥ ಗಟ್ಟಿ ಎಲೆಕ್ಟ್ರೊಲೈಟಿಗೆ ಒತ್ತಿಕೊಂಡಿರಬೇಕು. ಡಿಸ್ಚಾರ್ಜ್ ಆಗುವಾಗ ಲಿಥಿಯಂ ಎದ್ದುಹೋದ ಜಾಗದಲ್ಲಿ ಸೂಕ್ಷ್ಮ ಟೊಳ್ಳುಗಳು ಉಳಿಯುತ್ತವೆ. ತಾಕಿಕೊಂಡಿರುವ ಜಾಗ ಕಡಿಮೆಯಾದಂತೆ ಕಮಾನು ಹಿಗ್ಗುತ್ತದೆ. ಟೊಳ್ಳಿನ ಅಂಚುಗಳಲ್ಲಿ ವಿದ್ಯುತ್ತೆಲ್ಲ ಒತ್ತರಿಸಿ ಬಂದು, ಅಲ್ಲಿಂದಲೇ ಲಿಥಿಯಂನ ಮುಳ್ಳುಗಳು ಎಲೆಕ್ಟ್ರೊಲೈಟಿನೊಳಕ್ಕೆ ಚಿಗುರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಈ ಟೊಳ್ಳಿಗೂ ಮುಳ್ಳಿಗೂ ಇರುವ ನೇರ ನಂಟನ್ನು 2022ರಲ್ಲಿ ತೋರಿಸಿದರು. ನಡುವೆ ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಂನ ತೀರ ತೆಳು ಪದರವಿಟ್ಟರೆ ಟೊಳ್ಳುಗಳು ತಡವಾಗುತ್ತವೆ ಎಂಬುದೂ ಅವರ ಕೆಲಸದಲ್ಲಿ ಬಂತು. ಇಲ್ಲಿ ಪೊರೆ ತಾನಾಗಿ ಹುಟ್ಟಿದ್ದಲ್ಲ, ಕೈಯಾರೆ ಹೊದಿಸಿದ್ದು.

ಒಮ್ಮೆ ಗೆಳೆಯರೊಬ್ಬರ ಪ್ರಯೋಗಾಲಯದಲ್ಲಿ ಈ ಅಳತೆ ನಡೆಯುವುದನ್ನು ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದೆ. ಕೈಗಡಿಯಾರದಲ್ಲಿ ಹಾಕುವಂಥ ಪುಟ್ಟ ಬಿಲ್ಲೆಯ ಸೆಲ್ಲು. ಅಳತೆ ಶುರುವಾದ ಕ್ಷಣ ಪರದೆಯ ಮೇಲೆ ಚುಕ್ಕೆಗಳು ಆಲಿಕಲ್ಲಿನಂತೆ ಪಟಪಟನೆ ಬಿದ್ದವು. ಪೊರೆಯ ಕಮಾನು ಕಣ್ಣು ಮಿಟುಕಿಸುವುದರೊಳಗೆ ಕಟ್ಟಿ ಮುಗಿಯಿತು. ಎರಡನೆಯ ಕಮಾನಿನ ಇಳಿಜಾರಿಗೆ ಬರುವಾಗ ಚುಕ್ಕೆಗಳ ನಡುವೆ ಉಸಿರೆಳೆದುಕೊಳ್ಳುವಷ್ಟು ಬಿಡುವು. ಆಮೇಲೆ ಬಿಡುವು ಬೆಳೆಯುತ್ತ ಹೋಯಿತು. ನೂರನೇ ಒಂದು ಹರ್ಟ್ಜಿಗೆ ಬಂದಾಗ ಒಂದು ಅಲೆ ಏರಿ ಇಳಿಯಲು ನೂರು ಸೆಕೆಂಡು. ಸಾವಿರನೇ ಒಂದು ಹರ್ಟ್ಜಿಗೆ ಬಂದಾಗ ಹದಿನೇಳು ನಿಮಿಷದ ಹತ್ತಿರ. ವಿಳಂಬ ಕಾಲದ ಹಾಡಿಕೆಯಲ್ಲಿ ಒಂದು ಆವರ್ತನ ಮುಗಿದು ಸಮಕ್ಕೆ ಬರುವುದನ್ನು ಕಾಯುವವರ ಹಾಗೆ ನಾವಿಬ್ಬರೂ ಸುಮ್ಮನಾದೆವು. ಗೆಳೆಯರು ಎದ್ದು ಫ್ಯಾನ್ ಆರಿಸಿದರು. ಗಾಳಿಗೆ ಸೆಲ್ಲಿನ ಕಾವು ತುಸು ಕದಲಿದರೂ ಈ ಕಡೆಯ ಚುಕ್ಕೆಗಳು ತಪ್ಪುತ್ತವಂತೆ.

ಕಿಟಕಿಯಾಚೆ ಮಳೆ ಹಿಡಿದಿತ್ತು. ಪರದೆಯ ಮೇಲೆ ಎರಡು ಕಮಾನುಗಳೂ ಓರೆಗೆರೆಯ ಮೊದಲ ಏಳೆಂಟು ಚುಕ್ಕೆಗಳೂ ನಿಂತಿದ್ದವು. ಯಂತ್ರದಲ್ಲಿ ಅಲೆ ಮೆಲ್ಲಗೆ ಮೇಲೇರುತ್ತಿತ್ತು, ಅದೆಷ್ಟು ಮೆಲ್ಲಗೆಂದರೆ ಅಂಕಿ ಬದಲಾಗುವುದೇ ಕಾಣುತ್ತಿರಲಿಲ್ಲ. ಐದು ಮಿಲಿವೋಲ್ಟಿನ ತುದಿ ಮುಟ್ಟಿ, ತುಸು ನಿಂತಂತೆ ಮಾಡಿ, ಇಳಿಯತೊಡಗಿತು. ಆ ಇಳಿತದ ಜೊತೆಗೆ ಬಿಲ್ಲೆಯೊಳಗೆ ಒಂದಿಷ್ಟು ಲಿಥಿಯಂ ಪೊರೆ ದಾಟಿ ಹೊರಬರುತ್ತಿದ್ದಿರಬೇಕು. ಕೊನೆಯ ಚುಕ್ಕೆ ಬಿದ್ದಾಗ ಅದು ಓರೆಗೆರೆಯ ಮೇಲೆಯೇ ಬಿತ್ತು.